ಮೊದಲು ಮನೆಗೆ ಫೋನ್ ಹಚ್ಚು

ಮುಂಜಾನೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ, ಫೋನು ಟಿಣ್ ಎಂದಿತು. ವಾಟ್ಸಾಪ್ ಗುಂಪಿನಲ್ಲಿ ಭಾಗ್ಯನಗರದ ಕಾಕಾನ ಮನೆಯ ಫೋಟೊ. ಮನೆ ಮುಂದೆ ಶಾಮಿಯಾನ, ಸಾಲಾಗಿ ಕುರ್ಚಿ. ಕೆಳಗೆ ಯಾರೋ ಬರೆದಿದ್ದರು: 'ಕಾಕಾ ಇನ್ನಿಲ್ಲ.' ಅದರ ಕೆಳಗೆ ಕೈಮುಗಿದ ಚಿತ್ರಗಳ ಮೆರವಣಿಗೆ. ಸಾಸಿವೆ ಸೀದೇ ಹೋಯಿತು.

ಕಾಕಾ ಎಂದರೆ ಭಾಗ್ಯನಗರದ ಪಕ್ಕದ ಕೊಪ್ಪಳದಲ್ಲಿ ಕೇಬಲ್ ಚಾನೆಲ್ ನಡೆಸುತ್ತಿದ್ದವರು. ನನಗೆ ಸಂಬಂಧಿಕರಲ್ಲ, ಊರಿಗೆಲ್ಲ ಕಾಕಾ. ಅಲ್ಲಿ ನಾನು ಸಂಜೆ ಏಳರ ಸುದ್ದಿ ಓದುತ್ತಿದ್ದೆ. ನಗಬೇಡಿ, ಆಗ ನಾನೂ ಒಬ್ಬ ತಾರೆಯೇ! ಬೆನ್ನ ಹಿಂದೆ ನೀಲಿ ಬೆಡ್‌ಶೀಟು, ಕ್ಯಾಮೆರಾಕ್ಕೆ ಕಾಣುವಷ್ಟೇ ಇಸ್ತ್ರಿಯಾದ ಸೀರೆ. ತರಕಾರಿಯವಳು ದೂರದಿಂದಲೇ, 'ಸುದ್ದಿ ಅಕ್ಕಾರ, ಬರ್ರಿ, ಬದ್ನಿಕಾಯಿ ಭಾಳ ಛಲೋ ಅದಾವು' ಎಂದು ಕೂಗುತ್ತಿದ್ದಳು. ಕುಷ್ಟಗಿ ರಸ್ತೆಯ ತಗ್ಗು, ಯಲಬುರ್ಗಾದ ಸಂತೆ, ಯಾರದೋ ಕಳೆದುಹೋದ ಎಮ್ಮೆ, ಎಲ್ಲವನ್ನೂ ಓದಿದ್ದೇನೆ. ಜನ ಊಟದ ತಾಟು ಹಿಡಿದು ಟಿವಿ ಮುಂದೆ ಕೂರುತ್ತಿದ್ದರು.

ನಿಧನ ವಾರ್ತೆ ಮಾತ್ರ ಸುಲಭವಿರಲಿಲ್ಲ. ಅಂಥ ಚೀಟಿ ಬಂದರೆ ಕಾಕಾ ಫೋನನ್ನು ನನ್ನ ಮುಂದೆ ದೂಡುತ್ತಿದ್ದರು.

'ಮೊದಲ ಮನಿಗೆ ಫೋನ್ ಹಚ್ಚು. ಮನ್ಯಾಗಿನವ್ರು ಹೇಳಿದ ಮ್ಯಾಲೆ ಓದು. ಜೀವಂತ ಇದ್ದಾವನ್ನ ಸಾಯಿಸಿದ್ರ ಯಾವ ಮಾರಿ ಇಟ್ಗೊಂಡು ಪ್ಯಾಟ್ಯಾಗ ತಿರುಗ್ತಿ?'

ಅಳುವ ಮನೆಗೆ ಫೋನ್ ಮಾಡಿ 'ಖರೇ ಏನ್ರಿ?' ಎಂದು ಕೇಳುವ ಸಂಕಟ ನನಗೇ ಗೊತ್ತು. ಆದರೂ ಹಚ್ಚಿದೆ, ಪ್ರತಿ ಸಲವೂ. ನಾವು ಒಬ್ಬರನ್ನೂ ತಪ್ಪಿ ಸಾಯಿಸಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಹೆಮ್ಮೆಯೇ.

ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಏಳು ಗಂಟೆಯವರೆಗೆ ಸುದ್ದಿಗೆ ಕಾಯುವವರು ಯಾರು? ಚಾನೆಲ್ ಸದ್ದಿಲ್ಲದೆ ಮುಚ್ಚಿತು. ನಾನು ಗಂಗಾವತಿಗೆ ಬಂದೆ.

ಈಗ ಆ ಫೋಟೊದ ಕೆಳಗೆ ನಾನೂ 'ಓಂ ಶಾಂತಿ' ಎಂದು ಬರೆದಾಗಿತ್ತು. ಕಳಿಸಲು ಬೆರಳೇ ಬರಲಿಲ್ಲ. ಒಲೆ ಆರಿಸಿ ಕಾಕಾನ ಮನೆಗೆ ಫೋನ್ ಹಚ್ಚಿದೆ.

'ಯಾರು?' ಅದೇ ಒರಟು ದನಿ!

'ಕಾಕಾ... ನೀವು ತೀರಿಕೊಂಡೀರಿ ಅಂತ ಗ್ರೂಪಿನ್ಯಾಗ ಹಾಕ್ಯಾರ್ರಿ.'

'ಹೌದಾ! ಮೊಮ್ಮಗಳ ತೊಟ್ಟಲ ಐತಿ ಅಂತ ಪೆಂಡಾಲ್ ಹಾಕ್ಸೀನವಾ. ಎಲ್ಲಾರೂ ಊಟಕ್ಕ ಬರ್ರಿ.' ಗೊಳ್ಳನೆ ನಕ್ಕರು. ಮರುಕ್ಷಣ ಮಾಲೀಕರಾದರು: 'ನೀ ಓದಿದೇನು?'

'ಇಲ್ರಿ. ಮೊದಲ ಮನಿಗೆ ಫೋನ್ ಹಚ್ಚೀನಿ.'

ಕಾಕಾನ ದನಿ ಮೆತ್ತಗಾಯಿತು.

'ಹಂಗಾದ್ರ ನಮ್ಮ ಚಾನೆಲ್ ಇನ್ನೂ ಬಂದ್ ಆಗಿಲ್ಲ ಬಿಡವಾ.'

ಕಣ್ಣೊರೆಸಿಕೊಂಡೆ. ಬರೆದದ್ದನ್ನು ಅಳಿಸಿದೆ. ಸೆರಗು ಸರಿಮಾಡಿಕೊಂಡು, ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ ನೆಟ್ಟಗೆ ನಿಂತು, ಗುಂಪಿನಲ್ಲಿ ನನ್ನ ದನಿ ಕಳಿಸುವ ಗುಂಡಿ ಒತ್ತಿದೆ:

'ನಮಸ್ಕಾರ. ಇಂದಿನ ಮುಖ್ಯ ಸುದ್ದಿ. ಭಾಗ್ಯನಗರದ ಕಾಕಾ ಅವರ ಮನೆಯಲ್ಲಿ ಇಂದು ಮೊಮ್ಮಗಳ ತೊಟ್ಟಿಲು ಶಾಸ್ತ್ರ. ಊಟಕ್ಕೆ ಬರಬೇಕೆಂದು ಸ್ವತಃ ಕಾಕಾ ಅವರೇ ತಿಳಿಸಿದ್ದಾರೆ.'