ಧರೆಪ್ಪ ಗಾಡಿ ದಬ್ಬುವುದಿಲ್ಲ

ಮಹಾಲಿಂಗಪುರದ ಬಸ್ ನಿಲ್ದಾಣದ ಹಿಂದೆ ನನ್ನ ಗೆಳೆಯ ಧರೆಪ್ಪನ ಅಂಗಡಿಯಿದೆ. ಮೋಟಾರು ಗಾಡಿಗಳ ಬ್ಯಾಟರಿ, ವೈರಿಂಗು, ಸ್ಟಾರ್ಟರ್ ರಿಪೇರಿ ಅವನ ಕಸುಬು. ಚಾಲೂ ಆಗದ ಗಾಡಿಯನ್ನು ಯಾರಾದರೂ ನಾಲ್ಕು ಜನರಿಂದ ದಬ್ಬಿಸಿಕೊಂಡು ಬಂದರೆ ಅವನ ಬಾಯಿಗೆ ಸಿಕ್ಕಿದರೆಂದೇ ತಿಳಿಯಬೇಕು. "ಅಲ್ಲೇ ನಿಲ್ಲಸ್ರಿ! ಗಾಡಿ ಕಡೆ ನಾ ಬರ್ತೀನಿ. ಮಂದಿ ಕಡಿಂದ ಯಾಕ ದಬ್ಬಸ್ತೀರಿ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಾನೆ. ಗಿರಾಕಿಗಳು ಅವನನ್ನು ತಲೆತಿರುಕ ಅನ್ನುತ್ತಾರೆ. ಅನ್ನಲಿ. ಅವನ ತಲೆ ಯಾಕೆ ತಿರುಗಿತೆಂದು ನನಗೆ ಗೊತ್ತು. ನಾನೂ ಒಂದು ಕಾಲಕ್ಕೆ ದಬ್ಬಿದವನೇ.

ಎಂಬತ್ನಾಲ್ಕರ ಸುಮಾರಿನ ಮಾತು. ಹುನ್ನೂರ ಹತ್ತಿರದ ನಮ್ಮೂರಲ್ಲಿ ಇದ್ದದ್ದು ಒಂದೇ ಕಾರು, ಬಸಗೊಂಡಪ್ಪನವರ ಬಿಳಿ ಡೀಸೆಲ್ ಕಾರು. ಊರ ಹೊಲದಲ್ಲಿ ಅರ್ಧ ಅವರದು. ನಮ್ಮ ಕೇರಿಯವರಿಗೆ ಕೂಲಿಯೂ ಅವರಲ್ಲೇ. ಆ ಕಾರು ಎರಡು ವರ್ಷದಿಂದ ಚಾವಿಗೆ ಚಾಲೂ ಆಗುತ್ತಿರಲಿಲ್ಲ. ಚಾವಿ ತಿರುವಿದರೆ ಟಕ್ ಅನ್ನುತ್ತಿತ್ತು, ಅಷ್ಟೇ. ಆದರೆ ಡೀಸೆಲ್ ಗಾಡಿ ನೋಡಿ, ದಬ್ಬಿ ಒಂದಿಷ್ಟು ಉರುಳಿಸಿದರೆ ಎಂಜಿನ್ ಹತ್ತಿಕೊಳ್ಳುತ್ತದೆ, ಆಮೇಲೆ ಅದಕ್ಕೆ ಕರೆಂಟಿನ ಹಂಗಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಅವರ ಡ್ರೈವರ್ ಈರಪ್ಪ ಮೂರು ಸಲ ಹಾರ್ನ್ ಹೊಡೆಯುತ್ತಿದ್ದ. ಮೂರು ಹಾರ್ನ್ ಅಂದರೆ ಊರ ಹೊರಗಿನ ನಮ್ಮ ಕೇರಿಯಿಂದ ಆರು ಗಂಡಾಳು ಓಡಿ ಹೋಗಬೇಕು. ಪುಕ್ಕಟೆ! ಗಾಡಿ ಹತ್ತಿಕೊಂಡು ನಮ್ಮ ಮುಖಕ್ಕೆ ಹೊಗೆ ಉಗುಳಿ ಹೋಗುತ್ತಿತ್ತು.

ಆ ಆರು ಜನರಲ್ಲಿ ಧರೆಪ್ಪನ ಅಪ್ಪ ಗುರಪ್ಪ ಕಾಕಾ ಒಬ್ಬ. ಅರವತ್ತು ದಾಟಿದ ಮನುಷ್ಯ, ಮೇಲೆ ದಮ್ಮಿನ ಕಾಟ. ದೀಪಾವಳಿ ಮುಗಿದ ವಾರದಲ್ಲಿ ಗಾಡಿ ದಬ್ಬುವಾಗ ಜಾರಿ ಬಿದ್ದ. ಮೊಣಕಾಲು ಬಾತು ಕುಂಬಳಕಾಯಿಯಾಯಿತು. ಮೂರನೆಯ ದಿನ ಹಾರ್ನ್ ಕೇಳಿದ್ದೇ ತಡ, ಕುಂಟುತ್ತ ಮತ್ತೆ ಓಡಿದ. "ಹೋಗಲಿಲ್ಲಂದ್ರ ನಾಳಿ ಕೂಲಿಗಿ ಕರಿಯಂಗಿಲ್ಲಪಾ" ಅಂದ. ಧರೆಪ್ಪ ಆಗ ಮಹಾಲಿಂಗಪುರದ ಅಪ್ಪಾಸಾಬರ ಬ್ಯಾಟರಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಆ ಸಂಜೆ ಊರಿಗೆ ಬಂದವನು ಅಪ್ಪನ ಕಾಲು ನೋಡಿ ಹಲ್ಲು ಕಡಿದ. "ಬಾಳು, ಇನ್ನ ಮ್ಯಾಲೆ ನಮ್ಮಪ್ಪನ ಕೈ ಆ ಗಾಡಿಗಿ ಹತ್ತಬಾರ್ದು" ಎಂದು ನನ್ನ ಹೆಸರು ಹಿಡಿದು ಹೇಳಿದ.

ಮುಂದಿನ ಅಮಾವಾಸ್ಯೆಗೆ ಅಪ್ಪಾಸಾಬರ ಅಂಗಡಿಗೆ ಸೂಟಿ, ಧರೆಪ್ಪನಿಗೆ ರಜೆ. ಬೆಳಿಗ್ಗೆ ಹಾರ್ನ್ ಆಯಿತು, ನಾವು ಹೋದೆವು. ನಮ್ಮ ಹಿಂದೆಯೇ ಧರೆಪ್ಪನೂ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಕಾರಿಗೆ ಕೈಕೊಟ್ಟು ನಿಂತಿದ್ದ ಅಪ್ಪನ ರಟ್ಟೆ ಹಿಡಿದು ಬದಿಗೆ ಸರಿಸಿದ. ಬಸಗೊಂಡಪ್ಪನವರು ಕಿಟಕಿಯಿಂದ ತಲೆ ಹೊರಹಾಕಿದರು.

"ಯಾಕಲೇ? ನಿಮ್ಮಪ್ಪಗ ಆಗದಿದ್ರ ನೀ ದಬ್ಬು."

"ನಾ ದಬ್ಬಂಗಿಲ್ಲರಿ. ಅಪ್ಪನೂ ದಬ್ಬಂಗಿಲ್ಲ. ಬಾನೆಟ್ ತಗಸ್ರಿ, ನೋಡ್ತೀನಿ."

"ನನ್ನ ಗಾಡಿಗಿ ನೀ ಕೈ ಹಚ್ಚತೀಯಾ?"

"ದಿನಾ ಹಚ್ಚತೇವಲ್ಲರಿ, ಹಿಂದ. ಇವತ್ತ ಮುಂದ ಹಚ್ಚತೀನಿ."

ಅಬ್ಬಾ, ಆ ಮಾತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಒಳಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಬಸಗೊಂಡಪ್ಪನವರು ಏನೋ ಅನ್ನುವಷ್ಟರಲ್ಲಿ ಈರಪ್ಪ ಇಳಿದು ಬಾನೆಟ್ ಎತ್ತಿಯೇ ಬಿಟ್ಟ. ಅವನಿಗೂ ಸಾಕಾಗಿತ್ತು.

"ಹೊಸಾ ಬ್ಯಾಟರಿ ಎರಡ ಸಲ ಹಾಕಿಸೇನಿ. ಜಮಖಂಡಿ ಮಿಸ್ತ್ರಿಗೆ ತಿಳೀಲಾರದ್ದು ಇವಗ ತಿಳೀತೈತಂತ" ಎಂದು ಬಸಗೊಂಡಪ್ಪನವರು ನಕ್ಕರು.

ಧರೆಪ್ಪ ಅತ್ತ ಲಕ್ಷ್ಯವನ್ನೇ ಕೊಡಲಿಲ್ಲ. ಹೆಡ್‌ಲೈಟ್ ಹಾಕಿಸಿ ನೋಡಿದ, ಝಗ್ ಅಂತ ಹತ್ತಿದವು. ಬ್ಯಾಟರಿ ಗಟ್ಟಿ ಇದೆ. "ಈರಪ್ಪಣ್ಣ, ಚಾವಿ ತಿರುವಿದಾಗ ಮತ್ತೇನರ ಆಗತೈತೇನು?" ಎಂದು ಕೇಳಿದ.

"ಎಂಜಿನ್ ಬಂದ್ ಮಾಡಾಕ ಜಗ್ಗತೇವಲ್ಲ, ಆ ಗುಂಡಿ ಬಿಸಿ ಆಗತೈತಿ ನೋಡು. ಒಮ್ಮೊಮ್ಮೆ ಕೈ ಸುಡತೈತಿ."

ಧರೆಪ್ಪನ ಮುಖ ಅರಳಿತು. ಚೀಲದಿಂದ ಎರಡು ವೈರು ಕಟ್ಟಿದ ಸಣ್ಣ ಬಲ್ಬು ತೆಗೆದು, ಒಂದು ವೈರನ್ನು ಎಂಜಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿದು ಚಾವಿ ತಿರುವಿಸಿದ. ಬಲ್ಬು ಹತ್ತಿತು.

"ಇದು ಹತ್ತಬಾರದಾಗಿತ್ತು. ಬ್ಯಾಟರಿಯಿಂದ ಎಂಜಿನ್ನಿಗಿ ಕರೆಂಟ್ ಹೋಗಾಕ ದಾರಿ ಐತಿ, ತಿರುಗಿ ಬರಾಕ ದಾರಿ ಬಂದ್ ಆಗೈತಿ. ಅದಕ್ಕ ಆ ಗುಂಡಿ ಜಗ್ಗೋ ಕಬ್ಬಿಣದ ಕೇಬಲ್ ಹಿಡದ ಬರಾಕತ್ತೈತಿ. ಅಷ್ಟ ಸಣ್ಣ ಕೇಬಲ್ ಸುಡಲಾರದ ಏನ ಮಾಡೀತು!" ಅಂದ.

ತಿರುಗಿ ಬರುವ ದಾರಿಯೆಂದರೆ ಬ್ಯಾಟರಿಯ ಮೈನಸ್ಸು ಸೇರಿರುವ ಗಾಡಿಯ ಮೈಗೆ ಎಂಜಿನ್ನಿನಿಂದ ಬಿಗಿದ ಒಂದು ತಾಮ್ರದ ಪಟ್ಟಿ. ಧರೆಪ್ಪ ಅದರ ಬೋಲ್ಟು ಬಿಚ್ಚಿದ. ಕೆಳಗೆ ಹಾಲಿನಂಥ ಬಿಳಿ ಬಣ್ಣ. ಎರಡು ವರ್ಷದ ಹಿಂದೆ ದಸರೆಯ ಪೂಜೆಗೆಂದು ಕಾರಿಗೆ ಬಣ್ಣ ಹೊಡೆಸಿದ್ದರು. ಬಾನೆಟ್ಟಿನ ಒಳಗೂ ಮಿಂಚಬೇಕೆಂದು ಸ್ವತಃ ಬಸಗೊಂಡಪ್ಪನವರೇ ಪಕ್ಕದಲ್ಲಿ ನಿಂತು ಬೋಲ್ಟಿನ ಜಾಗಕ್ಕೂ ಬಳಿಸಿದ್ದರು. ಬಣ್ಣದ ಮೇಲೆ ಪಟ್ಟಿ ಬಿಗಿದರೆ ಕರೆಂಟು ಹರಿಯುವುದೆಲ್ಲಿಂದ? ಧರೆಪ್ಪ ಸ್ಕ್ರೂಡ್ರೈವರ್ ತೆಗೆದು ಕೆರೆಯಲು ಶುರುಮಾಡಿದ.

"ಏ! ಬಣ್ಣ ಕೆರೀಬ್ಯಾಡ! ಪೂಜಿ ಮಾಡಿದ ಗಾಡಿ ಅದು!" ಬಸಗೊಂಡಪ್ಪನವರು ಬಾಗಿಲು ತೆಗೆದು ಇಳಿದೇಬಿಟ್ಟರು.

ಗುರಪ್ಪ ಕಾಕಾ ಮಗನ ತೋಳು ಜಗ್ಗಿದ. "ಬ್ಯಾಡೋ ತಮ್ಮಾ, ನಿನಗ ಕೈ ಮುಗೀತೀನಿ. ನಾವ ದಬ್ಬಿ ಕಳಸ್ತೇವಿ."

ಬಣ್ಣ ಕೆರೆದ ಮೇಲೂ ಗಾಡಿ ಚಾಲೂ ಆಗದಿದ್ದರೆ ಇಡೀ ಕೇರಿಯ ಕೂಲಿಗೆ ಕುತ್ತು. ಧರೆಪ್ಪ ಮಾತ್ರ ತಲೆ ಎತ್ತಲಿಲ್ಲ. "ಅಪ್ಪಾ, ನೀ ಸುಮ್ಮ ನಿಂದ್ರು" ಅಂದವನೇ ಕಬ್ಬಿಣ ಬೆಳ್ಳಗೆ ಹೊಳೆಯುವತನಕ ಕೆರೆದ. ಪಟ್ಟಿಯ ಕಿಲುಬನ್ನೂ ತಿಕ್ಕಿ ತೆಗೆದು, ಬೋಲ್ಟು ಬಿಗಿದ.

"ಹಚ್ಚು, ಈರಪ್ಪಣ್ಣ."

ಈರಪ್ಪ ಚಾವಿ ತಿರುವಿದ. ಗರ್ರ್ ಎಂದು ಒಂದೇ ಏಟಿಗೆ ಎಂಜಿನ್ ಹತ್ತಿಕೊಂಡಿತು. ನಾವು ಆರೂ ಜನ ಬಾಯಿ ತೆರೆದು ನಿಂತೆವು. ಬಸಗೊಂಡಪ್ಪನವರು ಶಹಬ್ಬಾಸ್ ಅನ್ನಲಿಲ್ಲ. "ನಡಿ ಈರಪ್ಪಾ, ಹೊತ್ತಾತು" ಅಂದರು.

ಸಂಜೆ ಈರಪ್ಪ ನಮ್ಮ ಕೇರಿಗೆ ಬಂದು ಕುಳಿತ. ಹೋದ ವರ್ಷ ಜಮಖಂಡಿಯ ಮಿಸ್ತ್ರಿ ವೈರಿಂಗ್ ಪೂರಾ ನೋಡುತ್ತೇನೆ, ಒಂದು ದಿನ ಗಾಡಿ ಬಿಡಿ ಎಂದಿದ್ದನಂತೆ. "ದಬ್ಬಾಕ ಮಂದಿ ಅದಾರ, ಗಾಡಿ ಯಾಕ ಬಿಡ್ಲಿ ಅಂದ್ರು ಸಾವ್ಕಾರ್ರು" ಅಂದ. ಅವರ ಒಂದು ದಿನ ಉಳಿಯಲೆಂದು ನಾವು ವರ್ಷವಿಡೀ ದಬ್ಬಿದ್ದೆವು! ಗುರಪ್ಪ ಕಾಕಾ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದ.

ಮರುದಿನ ಬೆಳಿಗ್ಗೆ ಧರೆಪ್ಪ ಮೊದಲ ಬಸ್ಸಿಗೆ ಹೋಗಿಯಾಗಿತ್ತು. ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಊರೊಳಗೆ ಕಾರು ಚಾಲೂ ಆದ ಸದ್ದು ಕೇಳಿತು. ಅದರ ಬೆನ್ನಿಗೇ ಹಾರ್ನ್, ಒಂದು, ಎರಡು, ಮೂರು. ಚಾಲೂ ಇರುವ ಗಾಡಿಗೆ ಹಾರ್ನ್ ಯಾಕೆ? ಅವರಿಗೆ ಬೇಕಾಗಿದ್ದದ್ದು ನಾವು ದಬ್ಬುವುದಲ್ಲ, ಕರೆದಾಗ ಓಡಿಬರುವುದು.

ಗುರಪ್ಪ ಕಾಕಾ ರೂಢಿಯಂತೆ ಟಾವೆಲ್ ಹೆಗಲಿಗೆ ಹಾಕಿಕೊಂಡು ಹೊಸ್ತಿಲತನಕ ಕುಂಟುತ್ತ ಹೋದ. ಅಲ್ಲೇ ನಿಂತು ಎಂಜಿನ್ನಿನ ಸದ್ದು ಕೇಳಿದ. ಮತ್ತೆ ಮೂರು ಹಾರ್ನ್ ಆಯಿತು. ಅವನು ತಿರುಗಿ ಬಂದು, ಟಾವೆಲ್ ಗೂಟಕ್ಕೆ ಹಾಕಿ, ನನ್ನ ಪಕ್ಕ ಕುಳಿತುಕೊಂಡ.

"ಕಾಕಾ, ಹಾರ್ನ್ ಹೊಡ್ಯಾಕತ್ತಾರ" ಅಂದೆ.

"ಹೊಡಿಲಿ" ಎಂದು ಹೆಂಡತಿಯತ್ತ ಬಟ್ಟಲು ಚಾಚಿದ. "ಸಾತವ್ವಾ, ಚಾ ಇನ್ನಷ್ಟ ಹಾಕು."