ಕೆನ್ನೆಗೊತ್ತಿದ ಮಣ್ಣು

"ಅಮ್ಮಾ, ಇಫ್ಫತ್ ಅಜ್ಜಿ ಮಣ್ಣನ್ನ ಕೆನ್ನೆಗೆ ಯಾಕೆ ಒತ್ಕೋತಾರೆ?"

ಜೂರಿ ಕೇಳಿದಾಗ ನಾನು ಹಿಟ್ಟು ನಾದುತ್ತಿದ್ದೆ. "ವಾಸನೆ ನೋಡ್ತಾರೆ ಕಣೇ" ಎಂದೆ. "ಮೂಗು ಇಲ್ಲಿದೆ, ಕೆನ್ನೆ ಇಲ್ಲಿದೆ" ಎಂದು ನನ್ನ ಮುಖದ ಮೇಲೆಯೇ ತೋರಿಸಿ ಹೊರಗೆ ಓಡಿದಳು. ಐದು ವರ್ಷದವಳನ್ನು ಹಾಗೆಲ್ಲ ಸಾಗಹಾಕಲು ಆಗುವುದಿಲ್ಲ.

ಇಂಜಿನಿಯರ್ ಇಫ್ಫತ್ ನಮ್ಮ ಪಕ್ಕದ ತೋಟದವರು; ಕೃಷಿ ಓದಿದವರನ್ನೂ ನಮ್ಮಲ್ಲಿ ಇಂಜಿನಿಯರ್ ಎಂದೇ ಕರೆಯುವುದು. ಕೃಷಿ ಪದವಿ ಮುಗಿಸಿದವರಿಗೆ ಸರ್ಕಾರ ನುಬಾರಿಯಾ ಎಂಬ ಈ ಮರಳುಗಾಡಿನಲ್ಲಿ ಐದೈದು ಫೆದ್ದಾನ್, ಅಂದರೆ ಹೆಚ್ಚುಕಡಿಮೆ ಐದೈದು ಎಕರೆ, ನೆಲ ಹಂಚಿದಾಗ, ಅಲೆಕ್ಸಾಂಡ್ರಿಯಾದಿಂದ ಒಂದು ಟ್ರಂಕು ಹಿಡಿದು ಬಂದು ಇಳಿದವರು. ಜೊತೆಗೆ ಬಂದವರಲ್ಲಿ ಅರ್ಧ ಜನ ನೆಲ ಮಾರಿ ಹೋದರು. ಇವರು ಕಿತ್ತಳೆ ನೆಟ್ಟರು. ಈಗ ವಯಸ್ಸು ಅರವತ್ತು.

ಬೆಳಗಾದರೆ ಮರದ ಬುಡದಲ್ಲಿ ಗೇಣುದ್ದ ಬಗೆದು ಒಂದು ಹಿಡಿ ತೆಗೆಯುತ್ತಾರೆ. ನಮ್ಮ ಮರಳು ಉಂಡೆ ಕಟ್ಟುವುದಿಲ್ಲ. ಬೆರಳಿಗೆ ಎಷ್ಟು ತಂಪು ಹತ್ತಿತು ಎನ್ನುವುದರ ಮೇಲೆಯೇ ತೀರ್ಮಾನ. "ಇವತ್ತು ನೀರು ಬಿಡಿ", "ಇವತ್ತು ಬೇಡ" ಎಂದು ಅವರು ಹೇಳಿದಂತೆ ನಮ್ಮ ಸಾಲಿನ ಐದೂ ಮನೆಯವರು ಹನಿ ನೀರಿನ ಕೊಳವೆ ತಿರುಗಿಸುತ್ತೇವೆ. ನಾನು ಮದುವೆಯಾಗಿ ಬಂದ ವರ್ಷ ನನಗೂ ಹಾಗೆ ಮಣ್ಣು ಹಿಡಿದು ನೋಡಲು ಕಲಿಸಿದ್ದರು.

ಎರಡು ವರ್ಷದ ಹಿಂದೆ ಸಹಕಾರ ಸಂಘದ ಹುಡುಗ ಶಾದಿ, ಅವನೂ ಕೃಷಿ ಪದವೀಧರನೇ, ಮಣ್ಣಿನ ತೇವ ಅಳೆದು ಫೋನಿಗೆ ಹೇಳುವ ಯಂತ್ರವನ್ನು ಸಂಘದ ಸಭೆಗೆ ತಂದಿದ್ದ.

"ನಿನ್ನ ಯಂತ್ರಕ್ಕೆ ಎರಡು ಕಡ್ಡಿ ಕಣಪ್ಪಾ, ನನಗೆ ಐದು ಬೆರಳು. ಚಾರ್ಜೂ ಮಾಡ್ಬೇಕಿಲ್ಲ" ಎಂದು ಇಫ್ಫತ್ ಕಳಿಸಿಬಿಟ್ಟಿದ್ದರು. ಇಡೀ ಸಭೆ ನಕ್ಕಿತ್ತು. ಆಮೇಲೆ ಸಂಘದ ನಲವತ್ತು ಮನೆಗಳಲ್ಲಿ ಯಾರೂ ಯಂತ್ರದ ಮಾತೆತ್ತಲಿಲ್ಲ.

ಈ ವರ್ಷ ನಮ್ಮ ಸಾಲಿನಲ್ಲಿ ಮಾತ್ರ ಎಳೆಗಾಯಿ ಉದುರಿ ನೆಲ ಹಸಿರಾಯಿತು. ಶಾದಿ ಬೇರು ಬಗೆದು ನೋಡಿ, "ನೀರು ಜಾಸ್ತಿಯಾಗಿದೆ ಮೇಡಂ" ಎಂದ. ಇಫ್ಫತ್ ವಾದ ಮಾಡಲಿಲ್ಲ. ಅದೇ ವಾರ ತಮ್ಮ ತೋಟದಲ್ಲಿ ಯಂತ್ರ ಹೂಳಿಸಿಕೊಂಡರು. ಇನ್ನು ಹತ್ತು ದಿನಕ್ಕೆ, ಶನಿವಾರದ ಸಭೆಯಲ್ಲಿ, ಯಂತ್ರದ ಬಗ್ಗೆ ಅವರು ಏನು ಹೇಳುತ್ತಾರೋ ಅದನ್ನೇ ನಲವತ್ತೂ ಮನೆ ಮಾಡುತ್ತದೆ. ನಮ್ಮ ಸಾಲು ಇನ್ನೊಮ್ಮೆ ಫಸಲು ಕಳೆದುಕೊಂಡರೆ ತಡೆಯುವುದಿಲ್ಲ.

ಆಚೆ ತೋಟದ ಅಬ್ದೆಲ್ ಸತ್ತಾರ್ ಮೊನ್ನೆ ಬೇಲಿಯಿಂದಲೇ ಕೂಗಿದ: "ಏನ್ ಇಂಜಿನಿಯರ್ ಮೇಡಂ, ಮರಳಿಗೆ ಮುತ್ತು ಕೊಡ್ತಿದ್ದೀರಾ? ಕಿತ್ತಳೆ ಮುನಿಸ್ಕೊಂಡಾವು!"

ಹಳೆಯ ಇಫ್ಫತ್ ಆಗಿದ್ದರೆ ಅವನ ಮೀಸೆಯನ್ನೂ ಅವನ ಕತ್ತೆಯನ್ನೂ ಸೇರಿಸಿ ಉತ್ತರ ಕೊಡುತ್ತಿದ್ದರು. ಈ ಸಲ ಬರೀ "ಹೂಂ" ಎಂದು ಮುಂದಿನ ಮರಕ್ಕೆ ನಡೆದರು.

ನಿನ್ನೆ ನಾನು ರೊಟ್ಟಿ ಬೇಯಿಸುವಾಗ ಬಂದರು. ಒಲೆಯೊಳಗಿನ ತಗಡಿನ ತಟ್ಟೆಯನ್ನು, ನಾನು ಬಟ್ಟೆ ಹುಡುಕುವಷ್ಟರಲ್ಲಿ, ಬರಿಗೈಯಲ್ಲೇ ಎತ್ತಿ ಕೆಳಗಿಟ್ಟರು. ಇಟ್ಟು, "ಜೂರಿ ಎಲ್ಲಿ?" ಎಂದು ಕೇಳಿದರು.

"ಅಯ್ಯೋ, ಉರೀತಿಲ್ವಾ?"

"ಏನು?"

ಬೆರಳ ತುದಿಗಳು ಕೆಂಪಗಾಗಿದ್ದವು. ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ನಾನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದೆ.

"ನೀರು ತಣ್ಣಗಿದೆಯಾ?" ಎಂದು ನನ್ನನ್ನೇ ಕೇಳಿದರು.

ಆಮೇಲೆ ಔಷಧಿ ಚೀಟಿ ಓದಿದ ಹಾಗೆ ಹೇಳಿದರು. ಸಕ್ಕರೆ ಕಾಯಿಲೆ. ಮೊದಲು ಕಾಲು ಮರಗಟ್ಟಿತು, ಚಳಿಗಾಲದಿಂದ ಬೆರಳು. "ಕೆನ್ನೆಗೆ ತಂಪು ಅನ್ನೋದಷ್ಟೇ ಗೊತ್ತಾಗುತ್ತೆ ರಬಾಬ್. ಎಷ್ಟು ತಂಪು ಅಂತ ಅದಕ್ಕೆ ಗೊತ್ತಾಗಲ್ಲ. ಕಾಯಿ ಉದುರ್ಸಿದ್ದು ನಾನೇ."

ಅಳಲಿಲ್ಲ. ನನಗೂ ಅಳು ಬರಲಿಲ್ಲ. ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ಒಲೆಯೊಳಗೆ ಎರಡನೆಯ ತಟ್ಟೆ ಸೀದಿತ್ತು.

"ಹಾಗಾದ್ರೆ ಶನಿವಾರ ಯಂತ್ರಕ್ಕೆ ಹೂಂ ಅನ್ನಿ" ಎಂದೆ.

"ನನ್ನ ಕೈ ಸತ್ತಿದೆ ಅಂತ ಅದರ ಮಾತು ನಿಜ ಆಗ್ಬಿಡುತ್ತಾ? ನಲವತ್ತು ಮನೆಯವರು ಕೇಳೋದು, ನೀವು ಪರೀಕ್ಷೆ ಮಾಡಿದ್ರಾ ಅಂತ." ಕಟ್ಟಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡರು. "ನಾಳೆಯಿಂದ ಎಂಟು ದಿನ ಬಂದು ನನ್ನ ಮಣ್ಣು ಹಿಡಿದು ನೋಡು ಮಗಳೇ. ನೀರು ಬೇಕೋ ಬೇಡವೋ, ನೀನು ದಿನಾ ಗೀಚ್ತೀಯಲ್ಲ, ಆ ಪುಸ್ತಕದಲ್ಲಿ ಬರಿ. ನನ್ನ ಫೋನು ನೋಡ್ಬೇಡ. ಆಮೇಲೆ ನೀನು ಬರೆದದ್ದು, ಯಂತ್ರ ಹೇಳಿದ್ದು ಎರಡೂ ಪಕ್ಕಪಕ್ಕ ಇಟ್ಟು ನೋಡ್ತೀನಿ. ನನ್ನ ಮೇಲಿನ ಕನಿಕರಕ್ಕೆ ಮಾತ್ರ ಒಂದು ಅಕ್ಷರಾನೂ ಬದಲಾಯಿಸ್ಬೇಡ."