ಹಸಿರು ಬಕೆಟ್, ಕೆಂಪು ಬಕೆಟ್ ಮತ್ತು ಅತ್ತೆಯ ಮುಸುರೆ

ಸೇಡಂ ಪುರಸಭೆಯವರು ನಮ್ಮ ಓಣಿಯಲ್ಲಿ ಮನೆಗೆ ಎರಡರಂತೆ ಬಕೆಟ್ ಹಂಚಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಓಣಿಯ ಕಸದ ಸಿಮೆಂಟ್ ತೊಟ್ಟಿ ನಮ್ಮ ಕಂಪೌಂಡಿಗೇ ಅಂಟಿಕೊಂಡಿತ್ತು. ಕಾಗೆಗಳು ಅದರೊಳಗಿನ ಎಲುಬು, ಮೊಟ್ಟೆಯ ಸಿಪ್ಪೆ ಕಚ್ಚಿ ತಂದು ಸರಿಯಾಗಿ ಒಣಹಾಕಿದ ಅತ್ತೆಯ ಮಡಿ ಸೀರೆಯ ಮೇಲೇ ಬೀಳಿಸುತ್ತಿದ್ದವು. ಪಾಪ, ಅವರು ಮತ್ತೆ ಸೀರೆ ಹಿಂಡಿ ಹಾಕಿ, ಅದು ಒಣಗುವ ತನಕ ಅಡುಗೆಮನೆಗೆ ಕಾಲಿಡದೆ ಕಾಯಬೇಕು.

ಬಕೆಟ್ ತಂದ ಹೆಲ್ತ್ ಇನ್‌ಸ್ಪೆಕ್ಟರ್ ನಮ್ಮ ಕಟ್ಟೆಯ ಮುಂದೆ ನಿಂತು ಹೇಳಿದರು: "ಹಸಿ ಕಸ ಹಸಿರು ಬಕೆಟ್ಟಿಗಿ, ಒಣ ಕಸ ಕೆಂಪು ಬಕೆಟ್ಟಿಗಿ. ಗಾಡಿ ಬಾಗಲಿಗೇ ಬರ್ತದ. ಇಡೀ ಓಣಿ ಬ್ಯಾರೆ ಮಾಡಿ ಕೊಟ್ರ ಈ ತೊಟ್ಟಿ ಒಡದು ಹಾಕ್ತೀವ್ರಿ. ಇಲ್ಲಾಂದ್ರ ಇಲ್ಲೇ ಇರ್ತದ."

ತೊಟ್ಟಿ ಹೋಗುತ್ತದೆ! ನಾನು ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

"ಇದೇನ್ ದೊಡ್ಡ ಮಾತು?" ಅಂದರು ಅತ್ತೆ. "ಮುಸುರಿ ಒಂದರಾಗ, ಮುಸುರಿ ಅಲ್ಲದ್ದು ಒಂದರಾಗ. ಹುಟ್ಟಿದಾಗಿಂದ ಇದನ್ನೇ ಮಾಡಾಕತ್ತೀನಿ."

ಬೆಂದ ಅನ್ನ, ಸಾರು ತಾಗಿದ್ದೆಲ್ಲ ನಮ್ಮಲ್ಲಿ ಮುಸುರೆ; ಹಸಿ ತರಕಾರಿ, ಹಣ್ಣು ಅಲ್ಲ. ಅತ್ತೆ ಓಣಿಯ ಹೆಂಗಸರಿಗೆಲ್ಲ ಇದೇ ಪಾಠ ಹೇಳಿದರು. ಎದುರುಮನೆಯ ಚಾಚಿ ನಕ್ಕುಬಿಟ್ಟರು: "ಅಮ್ಮಾ, ನಮ್ ಮನ್ಯಾಗ ಎಲ್ಲಾ ಮುಸುರೀನೇ. ನಮಗ ಒಂದೇ ಬಕೆಟ್ ಸಾಕ್ರಿ!"

ಕೆಲವು ದಿನಗಳ ಮೇಲೆ ಇನ್‌ಸ್ಪೆಕ್ಟರ್ ಬಂದು ನಮ್ಮ ಕೆಂಪು ಬಕೆಟ್ ಮಗುಚಿದರು. ಹಳೇ ಪೇಪರಿಗೆ ಅಂಟಿಕೊಂಡ ಬಾಳೆಹಣ್ಣಿನ ಸಿಪ್ಪೆ, ಬದನೆಕಾಯಿ ತೊಟ್ಟು, ಮೆಂತ್ಯದ ದಂಟು. ಹಸಿರು ಬಕೆಟ್ಟಿನಲ್ಲಿ ಅನ್ನದ ಜೊತೆ ಹೋಟೆಲ್ ಉಪ್ಪಿಟ್ಟಿನ ಪ್ಲಾಸ್ಟಿಕ್ ಕವರು. ಪಕ್ಕದ ಮನೆಯಲ್ಲೂ ಹಾಗೆಯೇ, ಅದರಾಚೆಯ ಮನೆಯಲ್ಲೂ ಹಾಗೆಯೇ.

"ಈ ಓಣಿ ಕೈಲಿ ಆಗಂಗಿಲ್ಲ ಬಿಡ್ರಿ. ತೊಟ್ಟಿ ಇರ್ಲಿ," ಎಂದು ಅವರು ಸ್ಕೂಟರ್ ಹತ್ತಿದರು.

ಕಾನ್ವೆಂಟಿನ ಸಿಸ್ಟರ್‌ಗಳು ಮೆಲ್ಲಗೆ ಮಾತಾಡುವುದನ್ನೇ ಕಲಿಸಿದ್ದರು ನನಗೆ. ಅವತ್ತು ಗೇಟಿನ ತನಕ ಓಡಿ ಕೂಗಿದೆ: "ಸರ್, ಸೋಮವಾರ ಬಂದು ನೋಡ್ರಿ! ಆಗೂ ತಪ್ಪಿದ್ರ ಮತ್ತ ಕೇಳಂಗಿಲ್ಲ!"

ಆದರೆ ಅತ್ತೆಗೆ ಹೇಳುವುದು ಹೇಗೆ? ಅವರು ಹುಣಸೆಹಣ್ಣಿನಿಂದ ದೇವರ ಪಾತ್ರೆ ತಿಕ್ಕುತ್ತಿದ್ದರು. ಪಕ್ಕದಲ್ಲಿ ಕೂತೆ.

"ಅತ್ತೆವ್ರ, ಪುರಸಭೆಯವರ ಮಡಿ ನಮಗಿಂತ ಬಿಗಿ ಅದ ನೋಡ್ರಿ. ಅವರಿಗಿ ಕೊಳಿಯೋದೆಲ್ಲಾ ಮುಸುರೀನೇ. ಬಾಳೆಹಣ್ಣಿನ ಸಿಪ್ಪಿನೂ."

ತಿಕ್ಕುವ ಕೈ ನಿಂತಿತು. "ಮತ್ತ ಪ್ಲಾಸ್ಟಿಕ್ ಕವರು?"

"ತೊಳದು ಒಣಗಿಸಿದ್ರ ಮಡಿ ಆತದಂತ್ರಿ."

ಅತ್ತೆಯ ಮುಖ ಹೇಗೆ ಅರಳಿತೆಂದರೆ! ಮರುದಿನದಿಂದ ಹಾಲಿನ ಕವರುಗಳು ಬಟ್ಟೆಯ ಹಗ್ಗದ ಮೇಲೆ ಕ್ಲಿಪ್ಪಿಗೆ ಸಿಕ್ಕಿಕೊಂಡು ಬಿಸಿಲಿನಲ್ಲಿ ಮಿಂಚಿದವು. ಅತ್ತೆ ಏನನ್ನೂ ಮುಟ್ಟದೆ, ಕೋಲಿನ ತುದಿಯಿಂದ ತೋರಿಸುತ್ತ ಮನೆಮನೆ ತಿರುಗಿದರು. "ಏನವಾ, ಈ ಕವರಿಗಿ ಎಣ್ಣಿ ಹಂಗೇ ಅದಲ್ಲ! ಮೈಲಿಗಿ ಮಾಡಿ ಇಟ್ಟಿ!" ಚಾಚಿ ಮಸಾಲೆ ಕವರು ತೊಳೆದು ಎತ್ತಿ ಹಿಡಿದರು: "ಅಮ್ಮಾ, ಮಡಿ ಆತೇನ್ರಿ?" "ಮೂಸಿ ನೋಡು, ಇನ್ನಾ ಘಮ್ ಅಂತದ. ಇನ್ನೊಮ್ಮೆ ತೊಳಿ!"

ಸೋಮವಾರ ಇನ್‌ಸ್ಪೆಕ್ಟರ್ ಒಂದೊಂದೇ ಬಕೆಟ್ಟಿನೊಳಗೆ ಇಣುಕಿದರು. ಕಡೆಯ ಮನೆ ಮುಗಿಸಿ ಬಂದವರು ಗಾಡಿಯವರತ್ತ ತಿರುಗಿ, "ಹಾರಿ ತಗೊಂಡ್ ಬರ್ರಿ," ಅಂದರು.

ಹಾರೆಯ ಮೊದಲ ಏಟಿಗೇ ತೊಟ್ಟಿಯ ಅಂಚು ಕಳಚಿ ಬಿತ್ತು. ಓಣಿಗೆ ಓಣಿಯೇ ಹೋ ಎಂದಿತು. ಅತ್ತೆ ಸಿಮೆಂಟ್ ತುಂಡುಗಳನ್ನು ಕೋಲಿನಿಂದ ಮುಟ್ಟಿ ನೋಡಿ ಕೇಳಿದರು: "ಇನ್‌ಸ್ಪೆಕ್ಟರ್ ಸಾಹೇಬ್ರ, ಇದು ಯಾವ ಬಕೆಟ್ಟಿಗ್ರಿ?"

ಅಷ್ಟರಲ್ಲಿ ಚಾಚಿ ಸೆರಗು ಸಿಕ್ಕಿಸಿ ಬುಟ್ಟಿ ತಂದಾಗಿತ್ತು. "ಯಾವ ಬಕೆಟ್ಟೂ ಬ್ಯಾಡ್ರಿ! ನಮ್ ಬಾಗಲ ಮುಂದ ತಗ್ಗು ಬಿದ್ದದ, ಅದಕ್ಕ ಹಾಕ್ತೀನಿ."

"ನನಗೂ ಎರಡು ಬುಟ್ಟಿ ಇಡವಾ," ಅಂದಳು ಪಕ್ಕದ ಮನೆಯವಳು. ನಾನೂ ಬುಟ್ಟಿ ತರಲು ಒಳಗೆ ಓಡಿದೆ.